ಪುಟ್ಟ ಕೈಗಳಿಗೆ ಬರೆದವರು

ನಲವತ್ತೆರಡನೇ ವಯಸ್ಸಿಗೆ ಪಿಯಾನೊ ಕಲಿಯಲು ಹೊರಟವರು ಮಾಡುವ ತಪ್ಪನ್ನೇ ನಾನೂ ಮಾಡಿದೆ. ನೇರವಾಗಿ ಬೀಥೋವನ್‌ಗೇ ಕೈ ಹಾಕಿದೆ. ‘ಮೂನ್‌ಲೈಟ್’ ಸೊನಾಟಾದ ಮೊದಲ ಭಾಗ. ನಿಧಾನವಾಗಿದೆ, ಬೆರಳು ಓಡಬೇಕಿಲ್ಲ, ಇದೇನು ಮಹಾ ಅಂದುಕೊಂಡಿದ್ದೆ. ಎಂಟು ತಿಂಗಳು ಹೆಣಗಾಡಿದೆ. ಅಲ್ಲಿ ಬಲಗೈಗೇ ಎರಡು ಕೆಲಸ. ಕಿರುಬೆರಳು ಹಾಡಬೇಕು, ಉಳಿದ ಬೆರಳುಗಳು ಅದರ ಕೆಳಗೆ ಮೂರು ಮೂರು ಸ್ವರಗಳನ್ನು ಮೆಲ್ಲಗೆ ಹೆಣೆಯುತ್ತಾ ಹೋಗಬೇಕು. ನನ್ನ ಕೈಯಲ್ಲಿ ಎರಡೂ ಒಂದೇ ಗಟ್ಟಿ. ಒಂದು ದಿನ ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು, “ಮಳೆಗಾಲದಲ್ಲಿ ಸೂರು ಸೋರಿ ಬಕೆಟ್ಟಿಗೆ ಬಿದ್ದ ಹಾಗಿದೆ.”

ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಮೈಸೂರಿನ ನಮ್ಮ ಮನೆಯಲ್ಲಿರುವುದು ಸೆಕೆಂಡ್ ಹ್ಯಾಂಡ್ ಡಿಜಿಟಲ್ ಪಿಯಾನೊ. 88 ಮನೆಗಳಲ್ಲಿ ಒಂದು ಮಾತ್ರ ಒತ್ತಿದರೆ ಟಕ್ ಅನ್ನುತ್ತದೆ. ಪಾಠ ಹೇಳುವ ಮೇಷ್ಟ್ರಿಗೆ ವಯಸ್ಸಾಗಿದೆ, ಮಾತು ಕಡಿಮೆ. ನನ್ನ ಬೀಥೋವನ್ ಕೇಳಿ ಅವರು ಏನೂ ಅನ್ನಲಿಲ್ಲ. ಎದ್ದು ಹೋಗಿ ಕಪಾಟಿನಿಂದ ತೆಳ್ಳಗಿನ ಒಂದು ಪುಸ್ತಕ ತಂದು ಮುಂದಿಟ್ಟರು. ಹಾಳೆಗಳ ಅಂಚು ಹಳದಿಯಾಗಿತ್ತು. “ಇದನ್ನು ನುಡಿಸಿ. ಮಕ್ಕಳ ಪುಸ್ತಕ ಅಂತ ಮುಖ ಸಿಂಡರಿಸಬೇಡಿ” ಅಂದರು. ಮುಖಪುಟದಲ್ಲಿ ಬುರ್ಗ್‌ಮ್ಯೂಲರ್ ಎಂಬ ಹೆಸರಿತ್ತು. ನಾನು ಅಷ್ಟರಲ್ಲಾಗಲೇ ಮುಖ ಸಿಂಡರಿಸಿಯಾಗಿತ್ತು.

ಯಾಕೆ ಅಂದರೆ ನನ್ನ ತಲೆಯಲ್ಲಿ ಅದು ಸರಳೆ ವರಸೆಯ ಸಾಲಿಗೆ ಸೇರಿದ್ದು. ನಮ್ಮಲ್ಲಿ ಸಂಗೀತ ಪಾಠಕ್ಕೆ ಹೋದವರಿಗೆಲ್ಲ ಇದು ಗೊತ್ತು. ಸರಳೆ, ಜಂಟಿ, ಅಲಂಕಾರ, ಆಮೇಲೆ ಗೀತೆ, ವರ್ಣ, ಕೃತಿ. ಹತ್ತಿದ ಮೆಟ್ಟಿಲನ್ನು ತಿರುಗಿ ನೋಡುವ ಹಾಗಿಲ್ಲ. ವೇದಿಕೆ ಮೇಲೆ ಕೂತು ಯಾರಾದರೂ ‘ಲಂಬೋದರ ಲಕುಮಿಕರ’ ಹಾಡುತ್ತಾರಾ?

ಆ ಪುಸ್ತಕದ ಜೊತೆ ನಾನು ಒಂದೂವರೆ ವರ್ಷ ಕಳೆದೆ.

ಫ್ರೀಡ್ರಿಶ್ ಬುರ್ಗ್‌ಮ್ಯೂಲರ್ 1806ರಲ್ಲಿ ಜರ್ಮನಿಯ ರೇಗೆನ್ಸ್‌ಬುರ್ಗ್‌ನಲ್ಲಿ ಹುಟ್ಟಿದವನು. 1830ರ ದಶಕದಲ್ಲಿ ಪ್ಯಾರಿಸ್‌ಗೆ ಹೋಗಿ ಅಲ್ಲೇ ನೆಲೆ ನಿಂತ. ಆಗಿನ ಪ್ಯಾರಿಸ್‌ನಲ್ಲಿ ಪಿಯಾನೊ ಲೋಕದ ದೊಡ್ಡ ಹೆಸರುಗಳೇ ಇದ್ದವು, ಶೋಪಾನ್ ಇದ್ದ, ಲಿಸ್ಟ್ ಬಂದು ಹೋಗುತ್ತಿದ್ದ. ಅಂಥ ಊರಲ್ಲಿ ಇವನು ಪಾಠ ಹೇಳಿಕೊಂಡು, ಮನೆಗಳಲ್ಲಿ ನುಡಿಸುವಂಥ ಹಗುರವಾದ ತುಣುಕುಗಳನ್ನು ಬರೆದುಕೊಂಡು ಇದ್ದ. 1841ರಲ್ಲಿ ‘ಜಿಸೆಲ್’ ಬ್ಯಾಲೆ ರಂಗಕ್ಕೆ ಬಂದಾಗ ಅದರ ಸಂಗೀತ ಆದಾಮ್ ಎಂಬ ಫ್ರೆಂಚ್ ಸಂಗೀತಗಾರನದು, ಆದರೆ ಹಳ್ಳಿಯ ಜೋಡಿ ಕುಣಿಯುವ ಒಂದು ಭಾಗಕ್ಕೆ ಇವನ ಸಂಗೀತ ಸೇರಿಸಿದರು. ಅದು ಇವತ್ತಿಗೂ ಉಳಿದಿದೆ. ಬ್ಯಾಲೆ ನೋಡುವವರು ಅದೂ ಆದಾಮ್‌ನದೇ ಅಂದುಕೊಂಡು ಚಪ್ಪಾಳೆ ತಟ್ಟುತ್ತಾರೆ.

ಬುರ್ಗ್‌ಮ್ಯೂಲರ್‌ಗೆ ನೋರ್ಬರ್ಟ್ ಎಂಬ ತಮ್ಮನಿದ್ದ. ದೊಡ್ಡ ಸಂಗೀತಗಾರ ಆಗುತ್ತಾನೆ ಎಂದು ಎಲ್ಲರೂ ಕಣ್ಣಿಟ್ಟಿದ್ದವನು. 1836ರಲ್ಲಿ ಆಖೆನ್ ಎಂಬ ಊರಿನ ಸ್ನಾನದ ಮನೆಯಲ್ಲಿ ಸತ್ತುಹೋದ. ವಯಸ್ಸು 26. ಅವನಿಗಾಗಿ ಮೆಂಡೆಲ್ಸನ್ ಶವಯಾತ್ರೆಯ ಸಂಗೀತ ಬರೆದ. ಶೂಬರ್ಟ್ ಸತ್ತ ಮೇಲೆ ಇಷ್ಟು ದುಃಖದ ಸಾವು ಇನ್ನೊಂದಿಲ್ಲ ಎಂದು ಶೂಮನ್ ಬರೆದ, ಅರ್ಧಕ್ಕೆ ನಿಂತಿದ್ದ ಸಿಂಫನಿಯ ಒಂದು ಭಾಗಕ್ಕೆ ವಾದ್ಯಗಳನ್ನೂ ಹೊಂದಿಸಿಕೊಟ್ಟ. ದೊಡ್ಡವರೆಲ್ಲ ಅತ್ತಿದ್ದು ತಮ್ಮನಿಗಾಗಿ. ಅಣ್ಣ ಮಾತ್ರ 1874ರವರೆಗೆ ಬದುಕಿದ. ಇವತ್ತು ಜಗತ್ತಿನಾದ್ಯಂತ ಪಿಯಾನೊ ಕಲಿಯುವ ಮಕ್ಕಳ ಬೆರಳಿನಲ್ಲಿ ಇರುವವನು ಆ ಅಣ್ಣ.

ಅವನ 25 ಅಭ್ಯಾಸಗಳ ಆ ಪುಸ್ತಕಕ್ಕೆ ಓಪಸ್ 100, ಅಂದರೆ ಕೃತಿ 100, ಎಂದು ಸಂಖ್ಯೆ. ಫ್ರೆಂಚ್ ಶೀರ್ಷಿಕೆಯಲ್ಲೇ ಒಂದು ಮಾತಿದೆ: ಪುಟ್ಟ ಕೈಗಳ ಅಗಲಕ್ಕೆ ತಕ್ಕ ಹಾಗೆ ಬರೆದು, ಬೆರಳು ಹಾಕುವ ಕ್ರಮ ಗುರುತು ಮಾಡಿಕೊಟ್ಟದ್ದು. ನಾನು ಈ ಮಾತಿನ ಮೇಲೆ ತುಂಬ ದಿನ ನಿಂತುಬಿಟ್ಟೆ. ಬರೆಯುವವನು ಸಾಮಾನ್ಯವಾಗಿ ತನ್ನ ಕೈ ಎಷ್ಟು ದೂರ ಹೋಗುತ್ತದೆ ಎಂದು ತೋರಿಸಲು ಬರೆಯುತ್ತಾನೆ. ಇವನು ನುಡಿಸುವ ಮಗುವಿನ ಕೈಯನ್ನು ಮೊದಲು ಅಳೆದಿದ್ದಾನೆ. ಬಟ್ಟೆ ಕತ್ತರಿಸುವ ಮೊದಲು ಟೇಪು ಹಿಡಿಯುವ ದರ್ಜಿಯ ಥರ.

ಈಗ ಎರಡನೆಯ ಅಭ್ಯಾಸ ‘ಅರಬೆಸ್ಕ್’ ಬಗ್ಗೆ. ಇಡೀ ತುಣುಕು ಒಂದೇ ಪುಟ. ಮೊದಲು ಎಡಗೈ ಎರಡು ಆವರ್ತ ಸುಮ್ನೆ ಚಿಕ್ಕ ಚಿಕ್ಕ ಏಟು ಹಾಕುತ್ತದೆ, ತಾಳ ಹಿಡಿದವರ ಹಾಗೆ. ಆಮೇಲೆ ಬಲಗೈ ಬರುತ್ತದೆ. ನಾಲ್ಕು ಸ್ವರ ಸರ್ರನೆ ಓಡಿ ಐದನೆಯದರ ಮೇಲೆ ನಿಂತು ಕೈ ಎತ್ತುವುದು. ಸರಿಗರಿಸ, ಅಷ್ಟೇ. ನಾನು ಇದನ್ನು ನೂರಾರು ಸಲ ಹೊಡೆಯುತ್ತಿದ್ದಾಗ ಹಾಲಿನಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಅಮ್ಮ ಕೇಳಿದರು, “ಅದು ಮಠ್ಯ ತಾಳದ ಅಲಂಕಾರ ಅಲ್ವೇನೋ? ಸರಿಗರಿ ಸರಿ ಸರಿಗಮ?” ಅಮ್ಮ ಹುಡುಗಿಯಾಗಿದ್ದಾಗ ನಾಲ್ಕು ವರ್ಷ ಪಾಠಕ್ಕೆ ಹೋದವರು. ಹೌದು ಅನ್ನಲೂ ಆಗಲಿಲ್ಲ, ಅಲ್ಲ ಅನ್ನಲೂ ಆಗಲಿಲ್ಲ. ಗಾಂಧಾರ ಬೇರೆ, ನಡೆ ಬೇರೆ. ಆದರೆ ಬೀಜ ಅದೇ.

ನನ್ನ ತೊಂದರೆ ಇದ್ದದ್ದು ಆ ಐದನೆಯ ಸ್ವರದಲ್ಲಿ. ನಾಲ್ಕನ್ನು ಓಡಿಸುವುದು ಕಷ್ಟ ಅಲ್ಲ. ಐದನೆಯದನ್ನು ಬಿಡುವುದು ಕಷ್ಟ. ನಾನು ಅದನ್ನು ಗುದ್ದುತ್ತಿದ್ದೆ. ಬಸ್ಸು ಬ್ರೇಕ್ ಹಾಕಿದ ಹಾಗೆ ಪ್ರತಿ ಗುಂಪೂ ಧಡ್ ಎಂದು ನಿಲ್ಲುತ್ತಿತ್ತು. ಮೇಷ್ಟ್ರು ಒಂದು ದಿನ ಕೇಳಿದರು, “ಇದೇನು, ಟೈಪಿಂಗ್ ಪರೀಕ್ಷೆಯಾ?” ಆಮೇಲೆ ನನ್ನ ಮಣಿಕಟ್ಟಿನ ಕೆಳಗೆ ತಮ್ಮ ಎರಡು ಬೆರಳಿಟ್ಟರು. ನಾಲ್ಕು ಸ್ವರ ಆಗುವ ತನಕ ಸುಮ್ಮನಿದ್ದು, ಐದನೆಯದಕ್ಕೆ ಸರಿಯಾಗಿ ಮಣಿಕಟ್ಟನ್ನು ಮೆಲ್ಲಗೆ ಮೇಲೆತ್ತಿದರು. ಸ್ವರ ಹುಟ್ಟುವಾಗಲೇ ಕೈ ಹೊರಡುತ್ತಿತ್ತು. ಬಿಸಿ ಹೆಂಚಿನ ಮೇಲಿನ ರೊಟ್ಟಿಯನ್ನು ಬೆರಳಲ್ಲಿ ತಿರುವಿ ಹಾಕುತ್ತೇವಲ್ಲ, ಆ ಥರ. ಇಷ್ಟು ಕೂರಲು ಮೂರು ವಾರ ಬೇಕಾಯಿತು. ತುಣುಕಿನ ನಡುವೆ ಅದೇ ಓಟ ಎಡಗೈಗೆ ಬರುತ್ತದೆ, ಅಲ್ಲಿ ಇನ್ನೂ ಮೂರು ವಾರ. ಈ ಆರು ವಾರದಲ್ಲಿ ಕಲಿತದ್ದನ್ನು ಆ ಎಂಟು ತಿಂಗಳಲ್ಲಿ ನಾನು ಕಲಿತಿರಲಿಲ್ಲ. ‘ಮೂನ್‌ಲೈಟ್’ ನುಡಿಸುವಾಗ ಏನು ತಪ್ಪುತ್ತಿದೆ ಎಂದೇ ನನಗೆ ಗೊತ್ತಾಗುತ್ತಿರಲಿಲ್ಲ, ಎಲ್ಲವೂ ತಪ್ಪುತ್ತಿತ್ತು. ಇಲ್ಲಿ ತಪ್ಪು ಒಂದೇ, ಅದೂ ಕಣ್ಣೆದುರಿಗೆ.

ಒಂದು ಪೆದ್ದತನವನ್ನೂ ಹೇಳಿಬಿಡುತ್ತೇನೆ. ಈ ಹಳೆಯ ಸಂಗೀತಕ್ಕೆ ಹಕ್ಕುಸ್ವಾಮ್ಯ ಮುಗಿದಿದೆ. ಐಎಂಎಸ್‌ಎಲ್‌ಪಿ ಎಂಬ ಜಾಲತಾಣದಲ್ಲಿ ಹಳೆಯ ಮುದ್ರಣಗಳು ಪುಕ್ಕಟೆ ಸಿಗುತ್ತವೆ. ನಾನು ಹದಿನೈದನೆಯ ಅಭ್ಯಾಸ ‘ಬ್ಯಾಲಡ್’ ಇಳಿಸಿಕೊಂಡು ಜೆರಾಕ್ಸ್ ಅಂಗಡಿಗೆ ಹೋದೆ. ಹುಡುಗ ಹಾಳೆಯ ಅಳತೆ ನೋಡದೆ ಪ್ರಿಂಟ್ ಕೊಟ್ಟ. ಪ್ರತಿ ಪುಟದ ಕಟ್ಟಕಡೆಯ ಸಾಲಿನಲ್ಲಿ ಎಡಗೈ ಭಾಗವೇ ಕತ್ತರಿಸಿ ಹೋಗಿತ್ತು. ಅದು ಗೊತ್ತಾಗದೆ ನಾಲ್ಕು ದಿನ ಅಭ್ಯಾಸ ಮಾಡಿದೆ. ಅಲ್ಲಿ ಎಡಗೈಗೆ ಬಿಡುವು ಕೊಟ್ಟಿದ್ದಾನೆ, ಎಂಥ ಸೂಕ್ಷ್ಮ, ಮೌನವನ್ನು ಹೇಗೆ ಬಳಸಿದ್ದಾನೆ ನೋಡು ಎಂದು ಮನಸ್ಸಿನಲ್ಲೇ ಹೊಗಳಿಯೂ ಆಗಿತ್ತು. ಮೇಷ್ಟ್ರು ಅವತ್ತು ಮೊದಲ ಸಲ ಜೋರಾಗಿ ನಕ್ಕರು. ಆ ‘ಬ್ಯಾಲಡ್’ನಲ್ಲಿ ಎಡಗೈಯೇ ಕಥೆ. ಮೇಲೆ ಬಲಗೈ ಪುಟಪುಟನೆ ಹೆಜ್ಜೆ ಹಾಕುತ್ತಿದ್ದರೆ, ಕೆಳಗೆ ಕತ್ತಲಲ್ಲಿ ಏನೋ ಹರಿದಾಡುತ್ತದೆ. ನಡುವೆ ಒಮ್ಮೆ ಬೆಳಕು ಬಿದ್ದ ಹಾಗೆ ಧಾಟಿ ಬದಲಾಗುತ್ತದೆ, ಮತ್ತೆ ಕತ್ತಲು.

ಹೀಗೆ ಒಂದಾದ ಮೇಲೊಂದು ನುಡಿಸುತ್ತಾ ನನಗೊಂದು ಕ್ರಮ ತಾನಾಗಿ ಬಂತು. ಒಬ್ಬರನ್ನು ಹಿಡಿದರೆ ಕಡಿಮೆ ಅಂದರೂ ಮೂರು ತಿಂಗಳು ಬಿಡುವುದಿಲ್ಲ. ಕೈಗೆಟಕುವ ಅವರ ತುಣುಕುಗಳನ್ನೆಲ್ಲ ಒಮ್ಮೆಯಾದರೂ, ಮುಗ್ಗರಿಸಿಕೊಂಡಾದರೂ, ಕೊನೆತನಕ ಓದುತ್ತೇನೆ. ಒಳ್ಳೆಯದನ್ನು ಬೇರೆಯವರು ಆರಿಸಿಕೊಟ್ಟ ಪಟ್ಟಿ ನೋಡುವುದಿಲ್ಲ. ಮೊದಲ ತಿಂಗಳು ಯೂಟ್ಯೂಬಿನಲ್ಲಿ ಕೇಳುವುದೂ ಇಲ್ಲ. ಇದು ನನ್ನ ಹಟ, ಮೇಷ್ಟ್ರಿಗೆ ಇದು ಸರಿ ಕಾಣುವುದಿಲ್ಲ. ಆದರೆ ಕೇಳಿಬಿಟ್ಟರೆ ಹತ್ತು ವರ್ಷದ ಯಾವುದೋ ಮಗು ನನಗಿಂತ ಮೂರು ಪಟ್ಟು ವೇಗವಾಗಿ ನುಡಿಸಿರುವುದು ಕಣ್ಣಿಗೆ ಬೀಳುತ್ತದೆ. ಅಲ್ಲಿಗೆ ಆ ದಿನದ ಅಭ್ಯಾಸ ಮುಗಿದ ಹಾಗೇ. ಬದಲಿಗೆ ಬಲಗೈ ರಾಗವನ್ನು ಬಾಯಲ್ಲಿ ಹಾಡಿಕೊಳ್ಳುತ್ತೇನೆ. ಹಾಡಲು ಉಸಿರು ಸಾಲದ ಕಡೆ ಬೆರಳಿಗೂ ಉಸಿರು ಸಾಲುವುದಿಲ್ಲ ಎಂದು ಗೊತ್ತಾಗುತ್ತದೆ. ವಾರಕ್ಕೊಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಬೆಳಗ್ಗೆ ನಡೆಯಲು ಹೋದಾಗ ಕೇಳುತ್ತೇನೆ. ನುಡಿಸುತ್ತಲೇ ಕೇಳಿದರೆ ನಮ್ಮ ತಪ್ಪನ್ನು ನಾವೇ ಮನ್ನಿಸಿಬಿಡುತ್ತೇವೆ.

ಬುರ್ಗ್‌ಮ್ಯೂಲರ್ ಆದ ಮೇಲೆ ಕೂಲಾವ್. ಫ್ರೀಡ್ರಿಶ್ ಕೂಲಾವ್, ಹುಟ್ಟಿದ್ದು 1786. ಹುಡುಗನಾಗಿದ್ದಾಗ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ಬಲಗಣ್ಣು ಕಳೆದುಕೊಂಡ. 1810ರಲ್ಲಿ ನೆಪೋಲಿಯನ್ನನ ಸೈನ್ಯಕ್ಕೆ ಸೇರಿಸಿಕೊಂಡಾರು ಎಂದು ಹ್ಯಾಂಬರ್ಗ್ ಬಿಟ್ಟು ಕೋಪನ್‌ಹೇಗನ್ನಿಗೆ ಓಡಿದ. ಅಲ್ಲಿ ಡೆನ್ಮಾರ್ಕಿನವರೇ ತಮ್ಮವನು ಎಂದುಕೊಳ್ಳುವಷ್ಟು ಹೆಸರು ಮಾಡಿದ. 1825ರಲ್ಲಿ ಬೀಥೋವನ್‌ನನ್ನು ನೋಡಲು ಹೋದ. ಷಾಂಪೇನ್ ಚೆನ್ನಾಗಿ ಹರಿಯಿತು. ಬೀಥೋವನ್ ಇವನ ಹೆಸರನ್ನೇ ಒಡೆದು ‘ತಂಪು, ಉಗುರುಬೆಚ್ಚಗಲ್ಲ’ ಎಂಬ ಅರ್ಥ ಬರುವ ಒಂದು ತಮಾಷೆಯ ಹಾಡು ಕಟ್ಟಿಕೊಟ್ಟ. 1831ರಲ್ಲಿ ಮನೆಗೆ ಬೆಂಕಿ ಬಿದ್ದು ಅಚ್ಚಾಗದ ಹಸ್ತಪ್ರತಿಗಳೆಲ್ಲ ಸುಟ್ಟುಹೋದವು. ಮರುವರ್ಷ ತೀರಿಕೊಂಡ. ಅವನ ಸೊನಾಟಿನಾಗಳಲ್ಲಿ, ಅಂದರೆ ಪುಟ್ಟ ಸೊನಾಟಾಗಳಲ್ಲಿ, ಈ ಯಾವ ದುಃಖದ ಸುಳಿವೂ ಇಲ್ಲ. ಓಪಸ್ 55ರ ಮೊದಲನೆಯದು ಬೆಳಗ್ಗೆ ಮನೆ ಗುಡಿಸಿ ರಂಗೋಲಿ ಹಾಕಿದ ಹಾಗೆ. ಎಲ್ಲ ಗೆರೆಯೂ ನೇರ, ಎಲ್ಲ ಚುಕ್ಕಿಯೂ ಸ್ಥಳದಲ್ಲಿ. ಸೊನಾಟಾ ಅಂದರೆ ಹೇಗೆ ಕಟ್ಟಿದ್ದು, ಮೊದಲ ವಿಷಯ ಎಲ್ಲಿ ಮುಗಿಯಿತು, ಎರಡನೆಯದು ಯಾವ ಶ್ರುತಿಗೆ ಹಾರಿತು, ವಾಪಸ್ಸು ಹೇಗೆ ಬಂತು ಎಂಬುದೆಲ್ಲ ನನಗೆ ಕೈಯಲ್ಲೇ ತಿಳಿದದ್ದು ಇದರಲ್ಲಿ. ದೊಡ್ಡ ಸೊನಾಟಾಗಳಲ್ಲಿ ನಾನು ಕಾಡಿನಲ್ಲಿದ್ದೆ. ಇದು ಹಿತ್ತಲು.

ಹೆಸರಿಲ್ಲದವರೆಲ್ಲ ಮರೆಯಲ್ಲಿರುವ ಮಾಣಿಕ್ಯ ಎಂದು ಹೇಳಲು ನಾನು ತಯಾರಿಲ್ಲ. ಮೂರು ವರ್ಷದಲ್ಲಿ ಬೇಜಾನ್ ಬೇಸರದ ಸಂಗೀತವನ್ನೂ ನುಡಿಸಿದ್ದೇನೆ. ಒಂದೇ ಅಚ್ಚಿನಲ್ಲಿ ತೆಗೆದ ಚಕ್ಕುಲಿಯ ಹಾಗೆ ಪುಟಗಟ್ಟಲೆ ಬರೆದವರಿದ್ದಾರೆ. ಬುರ್ಗ್‌ಮ್ಯೂಲರ್‌ನ ಇಪ್ಪತ್ತೊಂದನೆಯದು, ‘ದೇವತೆಗಳ ಸ್ವರಮೇಳ’, ನನಗೆ ಪಾಕ ಜಾಸ್ತಿಯಾದ ಮೈಸೂರು ಪಾಕ್. ಅದನ್ನು ಬಿಟ್ಟಿದ್ದೇನೆ. ಬಿಡುವುದೂ ಕಲಿಕೆಯೇ ಅಲ್ವಾ. ಬೀಥೋವನ್ ನುಡಿಸುವಾಗ ಇಷ್ಟ ಆಗಲಿಲ್ಲ ಅನ್ನಲು ಧೈರ್ಯ ಇರಲಿಲ್ಲ. ಇಷ್ಟ ಆಗದಿದ್ದರೆ ತಪ್ಪು ನನ್ನದೇ ಎಂದು ಮೊದಲೇ ತೀರ್ಮಾನ ಆಗಿರುತ್ತಿತ್ತು. ಇವರ ಎದುರಿಗೆ ಕೂತಾಗ ನನ್ನ ಕಿವಿಗೆ ಬಾಯಿ ಬಂತು.

ನಮ್ಮೂರಿಗೂ ಇಂಥ ಮರೆತುಹೋದ ಸಂಗೀತಗಾರನೊಬ್ಬನಿಗೂ ಒಂದು ನಂಟಿದೆ. ನಿಕೊಲಾಯ್ ಮೆಟ್ನರ್, 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು. ರಷ್ಯಾದ ಹೆಸರಾಂತ ಸಂಗೀತಗಾರ ರಾಖ್ಮನಿನಾಫ್ ಇವನನ್ನು ಎಷ್ಟು ಮೆಚ್ಚಿದ್ದ ಎಂದರೆ ವಾದ್ಯವೃಂದದ ಜೊತೆ ನುಡಿಸುವ ತನ್ನ ನಾಲ್ಕನೆಯ ಪಿಯಾನೊ ಕಾಂಚರ್ಟೊವನ್ನು ಇವನಿಗೇ ಅರ್ಪಿಸಿದ. ಆದರೆ ಕಾಲದ ಜೊತೆ ಹೆಜ್ಜೆ ಹಾಕಲು ಮೆಟ್ನರ್ ಒಪ್ಪಲಿಲ್ಲ. ಕ್ರಾಂತಿಯ ನಂತರ ರಷ್ಯಾ ಬಿಟ್ಟ, ಕೊನೆಗೆ ಲಂಡನ್ನಿನಲ್ಲಿ ಪಾಠ ಹೇಳಿಕೊಂಡು ಕಷ್ಟದಲ್ಲಿದ್ದ. ಅವನ ಸಂಗೀತವನ್ನು ಇಷ್ಟಪಟ್ಟವರು ನಮ್ಮ ಜಯಚಾಮರಾಜ ಒಡೆಯರು. 1940ರ ದಶಕದ ಕೊನೆಗೆ ಮೆಟ್ನರ್ ಸೊಸೈಟಿ ಎಂದು ಮಾಡಿ, ಎಚ್‌ಎಂವಿ ರೆಕಾರ್ಡ್ ಕಂಪನಿ ಅವನ ಸಂಗೀತವನ್ನು ಅವನಿಂದಲೇ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟರು. ಮೂರು ಕಾಂಚರ್ಟೊಗಳೂ ಆಗ ಧ್ವನಿಮುದ್ರಣವಾದವು. 1951ರಲ್ಲಿ ಮೆಟ್ನರ್ ತೀರಿಕೊಂಡ. ಇನ್ನು ಕೆಲವೇ ವರ್ಷ ತಡವಾಗಿದ್ದರೆ ಆ ಕೈಯ ಸದ್ದು ನಮಗೆ ಸಿಗುತ್ತಿರಲಿಲ್ಲ. ತನ್ನ ಮೂರನೆಯ ಕಾಂಚರ್ಟೊವನ್ನು ಅವನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾನೆ. ಒಡೆಯರು ಸ್ವತಃ ಪಿಯಾನೊ ಕಲಿತವರು. ಆಮೇಲೆ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಆ ಕೃತಿಗಳೂ ಕಚೇರಿಗಳಲ್ಲಿ ಕೇಳುವುದು ಅಪರೂಪವೇ. ಇದನ್ನು ತಿಳಿದ ಮೇಲೆ ಅರಮನೆ ಮುಂದೆ ಸ್ಕೂಟರಿನಲ್ಲಿ ಹೋಗುವಾಗೆಲ್ಲ ಒಳಗೆಲ್ಲೋ ಒಂದು ಪಿಯಾನೊ ಇದ್ದ ಕೋಣೆ ಯಾವುದಿರಬಹುದು ಎಂದು ಯೋಚಿಸುತ್ತೇನೆ.

ಮೆಟ್ನರ್ ಸಣ್ಣ ಕೈಗಳಿಗೆ ಬರೆದವನಲ್ಲ. ಬಲು ಕಷ್ಟ. ಆದರೂ ಹುಚ್ಚು ಬಿಡಬೇಕಲ್ಲ. ‘ಸ್ಕಾಜ್ಕಾ’ ಅಂದರೆ ರಷ್ಯನ್ನಿನಲ್ಲಿ ಕತೆ, ಅಜ್ಜಿ ಹೇಳುವಂಥದ್ದು. ಆ ಹೆಸರಿನ ತುಣುಕುಗಳನ್ನು ಅವನು ಜೀವನವಿಡೀ ಬರೆದ. ಓಪಸ್ 26ರ ಮೂರನೆಯದು ಸ್ವಲ್ಪ ಕೈಗೆಟಕುವ ಹಾಗಿದೆ, ಆ ಸ್ವಲ್ಪಕ್ಕೇ ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಈಗಲೂ ಎರಡನೆಯ ಪುಟ ನನ್ನ ಮಾತು ಕೇಳುವುದಿಲ್ಲ. ಮೊದಲ ಪುಟ ಚೆನ್ನಾಗಿ ಬಂದ ದಿನ ಎರಡನೆಯದನ್ನು ನುಡಿಸದೆ ಮುಚ್ಚಳ ಹಾಕಿ ಎದ್ದುಬಿಡುತ್ತೇನೆ.

ಕಳೆದ ದಸರಾ ರಜೆಯಲ್ಲಿ ಮನೆಯಲ್ಲೇ ಒಂದು ಸಂಜೆ ಇಟ್ಟುಕೊಂಡೆ. ಹನ್ನೊಂದು ಜನ ಬಂದಿದ್ದರು, ಅದರಲ್ಲಿ ಮೂವರು ಉಪ್ಪಿಟ್ಟಿಗೆ. ಬುರ್ಗ್‌ಮ್ಯೂಲರ್‌ನ ನಾಲ್ಕು, ಕೂಲಾವ್‌ನ ಸೊನಾಟಿನಾ, ಮೆಟ್ನರ್‌ನ ಒಂದೇ ಪುಟ. ಪ್ರತಿಯೊಂದಕ್ಕೂ ಮೊದಲು ಬರೆದವನ ಬಗ್ಗೆ ಎರಡು ಮಾತು ಹೇಳಿದೆ. ಕೂಲಾವ್‌ನಲ್ಲಿ ದಾರಿ ತಪ್ಪಿ ಮೊದಲಿಂದ ಶುರು ಮಾಡಿದೆ, ಯಾರಿಗೂ ಗೊತ್ತಾಗಲಿಲ್ಲ. ಪರಿಚಿತ ಸಂಗೀತ ಅಲ್ಲದಿದ್ದರೆ ಇದೊಂದು ಅನುಕೂಲ. ಮೇಲಿನ ಮನೆಯ ಹಿರಿಯರು, ದಸರಾ ಕಚೇರಿಗಳನ್ನು ತಪ್ಪಿಸದವರು, ಕೊನೆಗೆ ಕೇಳಿದರು, “ಮಧ್ಯದಲ್ಲಿ ಒಂದು ಪ್ರಾರ್ಥನೆ ಥರದ್ದು ನುಡಿಸಿದಿರಲ್ಲ, ಅದು ಇನ್ನೊಂದು ಸಲ.” ಅವರು ಹೇಳಿದ್ದು ಹತ್ತೊಂಬತ್ತನೆಯದು, ‘ಆವೆ ಮರಿಯಾ’. ಅದರಲ್ಲಿ ಓಟ ಇಲ್ಲ, ಚಮತ್ಕಾರ ಇಲ್ಲ. ನಾಲ್ಕು ದನಿಗಳು ಕೈ ಹಿಡಿದುಕೊಂಡು ನಿಧಾನ ನಡೆಯುತ್ತವೆ. ಎರಡನೆಯ ಸಲ ಇನ್ನೂ ನಿಧಾನವಾಗಿ ನುಡಿಸಿದೆ. ಅಮ್ಮ ಅವತ್ತು ರಾತ್ರಿ ಪಾತ್ರೆ ಒರೆಸುತ್ತಾ ಗುನುಗುತ್ತಿದ್ದದ್ದು ಮಾತ್ರ ಆ ಪ್ರಾರ್ಥನೆಯನ್ನಲ್ಲ, ‘ಲಂಬೋದರ ಲಕುಮಿಕರ’. ಮೆಟ್ಟಿಲನ್ನು ಯಾರೂ ಗುನುಗುವುದಿಲ್ಲ ಅಂದುಕೊಂಡಿದ್ದೆ.

ಈಗ ಮಗಳಿಗೂ ಪಾಠ ಶುರುವಾಗಿದೆ, ಒಂಬತ್ತು ವರ್ಷ. ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಡಿಯಾಬೆಲ್ಲಿ ನುಡಿಸುತ್ತೇವೆ. ವಿಯೆನ್ನಾದ ಪ್ರಕಾಶಕ ಆತ. ತನ್ನದೊಂದು ಸಣ್ಣ ವಾಲ್ಟ್ಜ್‌ ಅನ್ನು ಆಸ್ಟ್ರಿಯಾದ ಹೆಸರಾಂತ ಸಂಗೀತಗಾರರಿಗೆಲ್ಲ ಹಂಚಿ ತಲಾ ಒಂದು ರೂಪಾಂತರ ಬರೆದುಕೊಡಿ ಅಂದ. ಬೀಥೋವನ್ 33 ಬರೆದ. ಹಾಗಾಗಿ ಡಿಯಾಬೆಲ್ಲಿ ಹೆಸರು ಉಳಿದದ್ದೇ ಬೀಥೋವನ್ನನ ನೆರಳಿನಲ್ಲಿ. ಆದರೆ ಅವನ ಓಪಸ್ 149 ನಾಲ್ಕು ಕೈಗಳಿಗೆ ಬರೆದ 28 ತುಣುಕುಗಳು. ಅದರಲ್ಲಿ ಶಿಷ್ಯನ ಭಾಗ ಐದು ಸ್ವರದ ಆಚೆ ಹೋಗುವುದೇ ಇಲ್ಲ. ಐದು ಬೆರಳು, ಐದು ಮನೆ. ಕೈ ಅಲ್ಲಾಡಿಸಬೇಕಿಲ್ಲ. ಉಳಿದ ಕೆಲಸವೆಲ್ಲ ಪಕ್ಕದಲ್ಲಿ ಕೂತ ಮೇಷ್ಟ್ರದ್ದು.

ಮೊನ್ನೆ ಅವಳು ಹೆಬ್ಬೆರಳಿಂದ ಷಡ್ಜ ಒತ್ತಿದಳು. ಕೆಳಗೆ ನನ್ನ ಎರಡೂ ಕೈ ಬೇರೆ ಬೇರೆ ಸ್ವರಗಳನ್ನು ತಂದು ಕೂರಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮನೆ. ಅವಳು ತಟ್ಟನೆ ಕೈ ತೆಗೆದಳು.

“ಅಪ್ಪಾ, ನಾನು ಅದನ್ನೇ ಒತ್ತಿದ್ದು. ಆಗ ಬೇರೆ ಥರ ಕೇಳಿಸ್ತು, ಈಗ ಬೇರೆ ಥರ. ಯಾಕೆ?”

“ಏನು ಥರ?”

“ಆಗ ಮನೆಗೆ ಬಂದ ಹಾಗಿತ್ತು. ಈಗ ಯಾರೋ ಬಾಗಿಲಲ್ಲಿ ನಿಂತ ಹಾಗಿದೆ.”

ಮೊದಲಿಂದ ನುಡಿಸಿದೆವು. ಹೊರಗೆ ಬೀದಿಯಲ್ಲಿ ಯಾರದೋ ಕಾರು ಹಿಂದಕ್ಕೆ ಬರುತ್ತಿತ್ತು. ಆ ಕಾರುಗಳಿಗೆಲ್ಲ ಒಂದೇ ರಾಗ, ಬೀಥೋವನ್‌ನ ‘ಫರ್ ಎಲೀಸ್’. ಅದು ನಿಲ್ಲುವ ತನಕ ಅವಳು ಐದು ಬೆರಳನ್ನೂ ಐದು ಮನೆಗಳ ಮೇಲೆ ಹಾಗೇ ಇಟ್ಟುಕೊಂಡು ಕಾದಳು.